ಪಂಪ್‌ಸೆಟ್ ಮತ್ತು ಆಲೆಮನೆಯ ನಿಯಂತ್ರಕಗಳಿಂದ ಸಂಖ್ಯಾ ಮಾಹಿತಿಯನ್ನು ಓದುವ ವಿಧಾನ: ಮಂಡ್ಯ, ಮದ್ದೂರು ಹಾಗೂ ಮಳವಳ್ಳಿ ತಾಲ್ಲೂಕುಗಳಿಗೆ ಮಾರ್ಗದರ್ಶಿ

ಪೀಠಿಕೆ

ಮಂಡ್ಯ, ಮದ್ದೂರು ಹಾಗೂ ಮಳವಳ್ಳಿ ತಾಲ್ಲೂಕುಗಳ ನೀರಾವರಿ ಜಮೀನಿನ ಹೆಚ್ಚಿನ ಭಾಗವು ಕೃಷ್ಣರಾಜಸಾಗರದಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿಗೆ ಸೇರಿದೆ. ಕಟ್ಟು ಪದ್ಧತಿಯಲ್ಲಿ ನೀರು ಬಿಡುವ ದಿನಗಳಲ್ಲಿ ಕೊನೆಭಾಗದ ರೈತರು ಕಬ್ಬು, ಭತ್ತ ಹಾಗೂ ತೆಂಗಿನ ತೋಟಗಳಿಗಾಗಿ ಕೊಳವೆಬಾವಿಯನ್ನೇ ಅವಲಂಬಿಸಬೇಕಾಗುತ್ತದೆ. ಪಂಪ್ ಎಷ್ಟು ಹೊತ್ತು ನಡೆಯಿತು, ಎಷ್ಟು ನೀರು ಬಂತು, ಮೋಟಾರು ಎಷ್ಟು ಕರೆಂಟ್ ಎಳೆಯಿತು ಎಂಬ ವಿವರಗಳು ದಿನವೂ ದಾಖಲಾದರೆ ಬಾವಿಯ ಇಳುವರಿ ಕುಸಿಯುತ್ತಿರುವುದನ್ನು ಮೊದಲೇ ಅರಿಯಬಹುದು, ಮೋಟಾರು ಸುಡುವುದನ್ನೂ ತಪ್ಪಿಸಬಹುದು.

ಇಂದಿನ ಅನೇಕ ನಿಯಂತ್ರಕಗಳು ಈ ವಿವರಗಳನ್ನು ತಮ್ಮೊಳಗೇ ಸಂಖ್ಯೆಗಳಾಗಿ ಇಟ್ಟುಕೊಂಡಿರುತ್ತವೆ. ಸ್ಕ್ರಿಪ್ಟ್ ಎಂಬ ಕಿರು ಗಣಕ ಕ್ರಮವಿಧಿಯ ಮೂಲಕ ಅವುಗಳನ್ನು ಓದಿ ಕಡತದಲ್ಲಿ ಬರೆದಿಡಲು ಸಾಧ್ಯ. ಓದುವುದು ಸುಲಭ, ಓದಿದ ಸಂಖ್ಯೆಯನ್ನು ಸರಿಯಾಗಿ ಅರ್ಥೈಸುವುದರಲ್ಲಿಯೇ ಹೆಚ್ಚಿನ ತಪ್ಪುಗಳು ಸಂಭವಿಸುತ್ತವೆ. ಆದ್ದರಿಂದ ಈ ಲೇಖನದಲ್ಲಿ ಅರ್ಥೈಸುವ ವಿಧಾನಕ್ಕೆ ಹೆಚ್ಚಿನ ಗಮನ ನೀಡಲಾಗಿದೆ.

ಯಾವ ಉಪಕರಣಗಳಿಂದ ಓದಬಹುದು?

• ಮೋಟಾರಿನ ವೇಗ ನಿಯಂತ್ರಿಸುವ ಡ್ರೈವ್‌ಗಳು (ವಿಎಫ್‌ಡಿ) ಮತ್ತು ಸಂವಹನ ಸೌಲಭ್ಯವಿರುವ ಸೌರ ಪಂಪ್ ನಿಯಂತ್ರಕಗಳು
• ಮೂರು ಫೇಸ್‌ನ ಬಹುಬಳಕೆ ವಿದ್ಯುತ್ ಮೀಟರುಗಳು
• ವಿದ್ಯುತ್‌ಕಾಂತೀಯ ನೀರಿನ ಹರಿವು ಮಾಪಕಗಳು, ಒತ್ತಡ ಹಾಗೂ ನೀರಿನ ಮಟ್ಟದ ಮಾಪಕಗಳು
• ಆಲೆಮನೆಯ ಕೊಪ್ಪರಿಗೆಗೆ ಅಳವಡಿಸುವ ಡಿಜಿಟಲ್ ತಾಪಮಾನ ನಿಯಂತ್ರಕಗಳು
• ಹನಿ ನೀರಾವರಿಯ ಸ್ವಯಂಚಾಲಿತ ಪ್ಯಾನೆಲ್‌ಗಳಲ್ಲಿರುವ ಪಿಎಲ್‌ಸಿಗಳು

ಸಾಮಾನ್ಯ ಡಿಒಎಲ್ ಅಥವಾ ಸ್ಟಾರ್-ಡೆಲ್ಟಾ ಸ್ಟಾರ್ಟರಿನಲ್ಲಿ ಈ ಸೌಲಭ್ಯ ಇರುವುದಿಲ್ಲ. ಅಂತಹ ಕಡೆ ರೈತರು ತಮ್ಮ ಪ್ಯಾನೆಲ್‌ನೊಳಗೆ ಪ್ರತ್ಯೇಕ ಬಹುಬಳಕೆ ಮೀಟರನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದ ಅಳವಡಿಸಿಕೊಳ್ಳಬಹುದು. ವಿದ್ಯುತ್ ಸರಬರಾಜು ನಿಗಮದ ಮೀಟರ್ ಅಥವಾ ಅದರ ಮೊಹರನ್ನು ಯಾವ ಕಾರಣಕ್ಕೂ ಮುಟ್ಟಬಾರದು.

ಸಂವಹನದ ಭಾಷೆ: ಮಾಡ್‌ಬಸ್

ಈ ಉಪಕರಣಗಳಲ್ಲಿ ಬಹುಪಾಲು ಮಾಡ್‌ಬಸ್ ಎಂಬ ಶಿಷ್ಟಾಚಾರದಲ್ಲಿ ಮಾಹಿತಿ ನೀಡುತ್ತವೆ. ಇದನ್ನು 1979ರಲ್ಲಿ ಮಾಡಿಕಾನ್ ಸಂಸ್ಥೆ ತನ್ನ ಪಿಎಲ್‌ಸಿಗಳಿಗಾಗಿ ರೂಪಿಸಿತು. ಇದರ ವಿವರಗಳು ಮುಕ್ತವಾಗಿ ಲಭ್ಯವಿರುವುದರಿಂದ ಬೇರೆ ಬೇರೆ ತಯಾರಕರ ಉಪಕರಣಗಳನ್ನು ಒಂದೇ ಸ್ಕ್ರಿಪ್ಟ್‌ನಿಂದ ಓದಬಹುದು.

ಮಾಡ್‌ಬಸ್‌ನಲ್ಲಿ ಪ್ರತಿಯೊಂದು ಅಳತೆಯೂ ರಿಜಿಸ್ಟರ್ ಎಂಬ ಕೋಶದಲ್ಲಿರುತ್ತದೆ. ಒಂದು ರಿಜಿಸ್ಟರ್‌ನಲ್ಲಿ 16 ಬಿಟ್‌ಗಳಿರುತ್ತವೆ. ಅಂದರೆ 0ಯಿಂದ 65,535ರವರೆಗಿನ ಪೂರ್ಣಸಂಖ್ಯೆಯೊಂದನ್ನು ಮಾತ್ರ ಅದು ಹಿಡಿದಿಡಬಲ್ಲದು. ದಶಮಾಂಶ ಚುಕ್ಕಿ, ಋಣ ಚಿಹ್ನೆ, ಏಕಮಾನ ಇವು ಯಾವುವೂ ಅದರೊಳಗೆ ಇರುವುದಿಲ್ಲ. ಅವೆಲ್ಲವೂ ತಯಾರಕರ ಕೈಪಿಡಿಯಲ್ಲಿರುವ ರಿಜಿಸ್ಟರ್ ಪಟ್ಟಿಯಲ್ಲಿರುತ್ತವೆ. ಆದ್ದರಿಂದ ಉಪಕರಣ ಕೊಳ್ಳುವಾಗಲೇ ಈ ಪಟ್ಟಿಯನ್ನು ಕೇಳಿ ಪಡೆಯಬೇಕು.

ಬೇಕಾಗುವ ಪರಿಕರಗಳು ಮತ್ತು ಜೋಡಣೆ

1. ಹಳೆಯ ಲ್ಯಾಪ್‌ಟಾಪ್ ಅಥವಾ ರಾಸ್ಪ್‌ಬೆರಿ ಪೈ ಮಾದರಿಯ ಚಿಕ್ಕ ಗಣಕಯಂತ್ರ.
2. ಯುಎಸ್‌ಬಿಯಿಂದ ಆರ್‌ಎಸ್-485ಗೆ ಬದಲಿಸುವ ಪರಿವರ್ತಕ. ವಿದ್ಯುತ್ ಪ್ರತ್ಯೇಕತೆ ಇರುವ ಮಾದರಿ ಉತ್ತಮ.
3. ಹುರಿಹೆಣೆದ ಜೋಡಿ ತಂತಿಯ ಕವಚವಿರುವ ಕೇಬಲ್. ಕಡಿಮೆ ವೇಗದಲ್ಲಿ ಆರ್‌ಎಸ್-485 ಸಂಪರ್ಕವು ಸುಮಾರು 1,200 ಮೀಟರ್‌ವರೆಗೆ ಕೆಲಸ ಮಾಡಬಲ್ಲದು.
4. ಕೇಬಲ್ ಉದ್ದವಿದ್ದಲ್ಲಿ ಎರಡೂ ತುದಿಗಳಿಗೆ 120 ಓಮ್ ರೆಸಿಸ್ಟರ್.

ಉಪಕರಣದ ಎ ಮತ್ತು ಬಿ ತುದಿಗಳನ್ನು ಪರಿವರ್ತಕದ ಅದೇ ತುದಿಗಳಿಗೆ ಜೋಡಿಸಬೇಕು. ಈ ಹೆಸರುಗಳನ್ನು ಎಲ್ಲ ತಯಾರಕರೂ ಒಂದೇ ಅರ್ಥದಲ್ಲಿ ಬಳಸುವುದಿಲ್ಲ. ಉತ್ತರ ಬಾರದಿದ್ದರೆ ಎರಡು ತಂತಿಗಳನ್ನು ಅದಲುಬದಲು ಮಾಡಿ ನೋಡಬಹುದು. ಸಂವಹನ ಕೇಬಲನ್ನು ಮೋಟಾರಿನ ವಿದ್ಯುತ್ ಕೇಬಲಿನ ಜೊತೆ ಒಂದೇ ಕೊಳವೆಯಲ್ಲಿ ಎಳೆಯಬಾರದು.

ಉಪಕರಣದಲ್ಲಿಯೂ ಸ್ಕ್ರಿಪ್ಟ್‌ನಲ್ಲಿಯೂ ನಾಲ್ಕು ಅಂಶಗಳು ಒಂದೇ ಆಗಿರಬೇಕು: ಉಪಕರಣದ ಸಂಖ್ಯೆ (1ರಿಂದ 247), ಸಂವಹನ ವೇಗ (ಹಲವು ಉಪಕರಣಗಳಲ್ಲಿ 9,600), ಪ್ಯಾರಿಟಿ ಮತ್ತು ಸ್ಟಾಪ್ ಬಿಟ್.

ಸಂಖ್ಯೆಯನ್ನು ಅರ್ಥೈಸುವಾಗ ಗಮನಿಸಬೇಕಾದ ಐದು ಅಂಶಗಳು

1. ವಿಳಾಸ: ಕೈಪಿಡಿಗಳಲ್ಲಿ 40001, 40002 ಎಂಬಂತೆ ವಿಳಾಸ ನೀಡಿರುವುದುಂಟು. ಇಲ್ಲಿ ಮೊದಲ 4 ಎಂಬುದು ರಿಜಿಸ್ಟರ್‌ನ ವರ್ಗವನ್ನು ಸೂಚಿಸುತ್ತದೆ. ತಂತಿಯ ಮೇಲೆ ಎಣಿಕೆ ಸೊನ್ನೆಯಿಂದ ಆರಂಭವಾಗುತ್ತದೆ. ಹೀಗಾಗಿ 40108 ಎಂದು ಬರೆದಿದ್ದರೆ ಸ್ಕ್ರಿಪ್ಟ್‌ನಲ್ಲಿ 107 ಎಂದು ಕೊಡಬೇಕು. 108 ಎಂದು ಕೊಟ್ಟರೂ ಉತ್ತರ ಬರುವ ಸಂಭವವಿದೆ, ಆದರೆ ಅದು ಪಕ್ಕದ ಅಳತೆಯದಾಗಿರುತ್ತದೆ. ಮೊದಲನೆಯ ಫೇಸ್‌ನ ಕರೆಂಟ್ ಎಂದು ಎರಡನೆಯ ಫೇಸ್‌ನದನ್ನು ಓದುವ ತಪ್ಪು ಹೀಗೆಯೇ ಆಗುತ್ತದೆ. 4ರಿಂದ ಆರಂಭವಾಗುವ ರಿಜಿಸ್ಟರ್‌ಗಳನ್ನು 03 ಎಂಬ ಆದೇಶದಿಂದಲೂ 3ರಿಂದ ಆರಂಭವಾಗುವವುಗಳನ್ನು 04 ಎಂಬ ಆದೇಶದಿಂದಲೂ ಓದಬೇಕು.

2. ಗುಣಕ: ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ ಎಂಬುದು ಜಿಲ್ಲೆಯ ಪ್ರತಿಯೊಬ್ಬ ರೈತರಿಗೂ ತಿಳಿದಿದೆ. ಇದೇ ಮಟ್ಟವನ್ನು ಎರಡು ದಶಮಾಂಶ ಸ್ಥಾನಗಳ ಸಹಿತ ಒಂದು ರಿಜಿಸ್ಟರ್‌ನಲ್ಲಿ ಇಡಬೇಕಾದರೆ 12480 ಎಂದು ಬರೆಯಬೇಕಾಗುತ್ತದೆ; ಓದುವವರು ಅದನ್ನು 100ರಿಂದ ಭಾಗಿಸಬೇಕು. ಮೋಟಾರಿನ ಕರೆಂಟ್ 83 ಎಂದು ಬಂದಾಗ ಗುಣಕ 0.1 ಆಗಿದ್ದರೆ ಅದು 8.3 ಆಂಪಿಯರ್. ತಪ್ಪಿ 0.01 ಎಂದು ಭಾವಿಸಿದರೆ 0.83 ಆಂಪಿಯರ್ ಎಂದು ಕಾಣುತ್ತದೆ. ನೀರೆತ್ತುತ್ತಿರುವ ಪಂಪನ್ನು ಒಣಗಿ ಓಡುತ್ತಿದೆ ಎಂದು ನಿಲ್ಲಿಸಿದಂತಾಗುತ್ತದೆ. ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್) ಅಳವಡಿಸಿದ ಮೀಟರಿನಲ್ಲಿ ಸಿಟಿ ಅನುಪಾತವನ್ನು ಸರಿಯಾಗಿ ನಮೂದಿಸಿರುವುದನ್ನೂ ಪರಿಶೀಲಿಸಬೇಕು.

3. ಋಣ ಸಂಖ್ಯೆ: ನಾಲೆ ಅಥವಾ ಹೊಳೆಯಿಂದ ನೀರೆಳೆಯುವ ಪಂಪಿನ ಹೀರುಕೊಳವೆಯಲ್ಲಿ ಒತ್ತಡವು ವಾತಾವರಣಕ್ಕಿಂತ ಕಡಿಮೆಯಿರುತ್ತದೆ. ಮಾಪಕದಿಂದ 65502 ಎಂದು ಬಂದರೆ ಗಾಬರಿಯಾಗಬೇಕಿಲ್ಲ. ಋಣ ಸಂಖ್ಯೆ ನೀಡುವ ರಿಜಿಸ್ಟರ್‌ಗಳಲ್ಲಿ 32,767ಕ್ಕಿಂತ ಹೆಚ್ಚಿನ ಸಂಖ್ಯೆಯಿಂದ 65,536ನ್ನು ಕಳೆಯಬೇಕು. ಆಗ −34 ದೊರೆಯುತ್ತದೆ, ಗುಣಕ 0.01 ಆಗಿದ್ದರೆ ಒತ್ತಡ −0.34 ಬಾರ್. ಇದು ಸುಮಾರು ಮೂರೂವರೆ ಮೀಟರ್ ಎತ್ತರದ ನೀರಿನ ಒತ್ತಡಕ್ಕೆ ಸಮ.

4. ಜೋಡಿ ರಿಜಿಸ್ಟರ್‌ಗಳ ಕ್ರಮ: ಒಟ್ಟು ನೀರಿನ ಲೆಕ್ಕದಂತಹ ದೊಡ್ಡ ಸಂಖ್ಯೆಗಳು ಎರಡು ರಿಜಿಸ್ಟರ್‌ಗಳಲ್ಲಿ ಹಂಚಿಕೊಂಡಿರುತ್ತವೆ. ಉದಾಹರಣೆಗೆ 2 ಮತ್ತು 14464 ಎಂದು ಬಂದಾಗ, ಮೇಲಿನ ಭಾಗ ಮೊದಲಿದ್ದರೆ 2 × 65,536 + 14,464 = 1,45,536 ಲೀಟರ್. ಕ್ರಮ ತಿರುಗಿಸಿ ಓದಿದರೆ 94,79,12,706 ಲೀಟರ್ ಆಗುತ್ತದೆ. ಸೆಕೆಂಡಿಗೆ 4 ಲೀಟರ್ ನೀಡುವ ಕೊಳವೆಬಾವಿ ಇಷ್ಟು ನೀರೆತ್ತಲು ಹಗಲಿರುಳು ಏಳೂವರೆ ವರ್ಷ ನಡೆಯಬೇಕು! ಯಾವ ಭಾಗ ಮೊದಲು ಎಂಬುದು ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ.

5. ದಶಮಾಂಶ ರೂಪ: ಕೆಲವು ಮೀಟರುಗಳು ಎರಡು ರಿಜಿಸ್ಟರ್‌ಗಳನ್ನು ಸೇರಿಸಿ 32 ಬಿಟ್‌ನ ದಶಮಾಂಶ ಸಂಖ್ಯೆಯನ್ನು (ಫ್ಲೋಟ್) ನೀಡುತ್ತವೆ. 17359 ಮತ್ತು 32768 ಎಂಬ ಜೋಡಿ ಈ ರೂಪದಲ್ಲಿ 415.0 ವೋಲ್ಟ್ ಆಗುತ್ತದೆ. ಇವುಗಳನ್ನು ಬಿಡಿ ಬಿಡಿಯಾಗಿ ನೋಡಿದರೆ ಯಾವ ಅರ್ಥವೂ ಹೊರಡುವುದಿಲ್ಲ.

ಮಾಡ್‌ಬಸ್ ಸಂದೇಶದ ಕೊನೆಯಲ್ಲಿರುವ ತಪಾಸಣಾ ಸಂಖ್ಯೆಯು ತಂತಿಯಲ್ಲಿ ಉಂಟಾದ ದೋಷವನ್ನು ಮಾತ್ರ ಪತ್ತೆ ಹಚ್ಚುತ್ತದೆ. ಮೇಲಿನ ಐದು ತಪ್ಪುಗಳಲ್ಲಿ ಒಂದನ್ನೂ ಅದು ಹಿಡಿಯಲಾರದು. ಅವುಗಳನ್ನು ಓದುವವರೇ ಗುರುತಿಸಬೇಕು.

ಸ್ಕ್ರಿಪ್ಟ್ ಮಾಡಬೇಕಾದ ಕೆಲಸಗಳ ಕ್ರಮ

ಪೈಥಾನ್ ಭಾಷೆಯಲ್ಲಿ ಪೈಮಾಡ್‌ಬಸ್ ಅಥವಾ ಮಿನಿಮಲ್‌ಮಾಡ್‌ಬಸ್ ಎಂಬ ಉಚಿತ ಗ್ರಂಥಾಲಯಗಳು ಲಭ್ಯವಿವೆ. ಸ್ಕ್ರಿಪ್ಟ್ ಬರೆಯುವವರು ಈ ಕ್ರಮವನ್ನು ಅನುಸರಿಸುವುದು ಸೂಕ್ತ.

1. ಪ್ರತಿ ಅಳತೆಯ ಹೆಸರು, ವಿಳಾಸ, ರಿಜಿಸ್ಟರ್‌ಗಳ ಸಂಖ್ಯೆ, ಕ್ರಮ, ಗುಣಕ, ಏಕಮಾನ ಮತ್ತು ಸಾಧ್ಯವಿರುವ ಕನಿಷ್ಠ-ಗರಿಷ್ಠ ಮಿತಿಗಳನ್ನು ಒಂದು ಪಟ್ಟಿಯಾಗಿ ಮೊದಲೇ ಸಿದ್ಧಪಡಿಸುವುದು.
2. ಸಂಪರ್ಕ ತೆರೆದು ರಿಜಿಸ್ಟರ್‌ಗಳನ್ನು ಓದುವುದು. ಉತ್ತರಕ್ಕಾಗಿ ಒಂದು ಸೆಕೆಂಡ್ ಕಾದು, ಬಾರದಿದ್ದರೆ ಮೂರು ಬಾರಿ ಪುನಃ ಪ್ರಯತ್ನಿಸುವುದು.
3. ಬಂದ ಮೂಲ ಸಂಖ್ಯೆಯನ್ನು ಪಟ್ಟಿಯಂತೆ ಅಳತೆಗೆ ಪರಿವರ್ತಿಸುವುದು.
4. ಅಳತೆಯು ಮಿತಿಯೊಳಗಿದೆಯೇ ಎಂದು ನೋಡಿ, ಇಲ್ಲದಿದ್ದರೆ ಸಂಶಯಾಸ್ಪದ ಎಂದು ಗುರುತು ಹಾಕುವುದು.
5. ದಿನಾಂಕ, ವೇಳೆ, ಮೂಲ ಸಂಖ್ಯೆ ಮತ್ತು ಪರಿವರ್ತಿತ ಅಳತೆ ನಾಲ್ಕನ್ನೂ ಕಡತದಲ್ಲಿ ಬರೆಯುವುದು. ಮೂಲ ಸಂಖ್ಯೆ ಉಳಿದಿದ್ದರೆ ಗುಣಕ ತಪ್ಪಿದ್ದುದು ತಿಂಗಳ ನಂತರ ತಿಳಿದರೂ ಲೆಕ್ಕವನ್ನು ಸರಿಪಡಿಸಬಹುದು.
6. ಒಂದು ನಿಮಿಷ ಬಿಟ್ಟು ಮತ್ತೆ ಓದುವುದು. ನೀರಾವರಿಗೆ ಇದಕ್ಕಿಂತ ಹೆಚ್ಚಿನ ವೇಗ ಅನಗತ್ಯ.

ಉತ್ತರ ಬಾರದಿದ್ದಾಗ ಆ ಸ್ಥಾನವನ್ನು ಖಾಲಿ ಬಿಡಬೇಕು. ಸೊನ್ನೆಯನ್ನಾಗಲಿ ಹಿಂದಿನ ಅಳತೆಯನ್ನಾಗಲಿ ತುಂಬಬಾರದು. ಮೂರು ಫೇಸ್ ವಿದ್ಯುತ್ ಇಲ್ಲದಿದ್ದಾಗ ನಿಯಂತ್ರಕವೂ ಮೌನವಾಗಿರುತ್ತದೆ. ಅದನ್ನು ಸೊನ್ನೆ ಎಂದು ಬರೆದರೆ ಪಂಪ್ ನಡೆದೂ ನೀರು ಬರಲಿಲ್ಲ ಎಂಬ ತಪ್ಪು ಅರ್ಥ ಬರುತ್ತದೆ. ಚಿಕ್ಕ ಗಣಕಯಂತ್ರಕ್ಕೆ ಬ್ಯಾಟರಿಯ ಆಸರೆ ಇದ್ದರೆ ವಿದ್ಯುತ್ ಹೋದ ಹಾಗೂ ಬಂದ ವೇಳೆಯೂ ದಾಖಲಾಗುತ್ತದೆ.

ಒಂದೇ ರಿಜಿಸ್ಟರ್‌ನ ಎಣಿಕೆಯು 65,535 ತಲುಪಿದ ಬಳಿಕ ಸಾಮಾನ್ಯವಾಗಿ ಸೊನ್ನೆಗೆ ಮರಳುತ್ತದೆ. ನಿನ್ನೆ 65,120, ಇಂದು 340 ಎಂದಿದ್ದರೆ ದಿನದ ಎಣಿಕೆ 416 + 340 = 756 ಆಗುತ್ತದೆ.

ತಾಳೆ ನೋಡುವುದು ಕಡ್ಡಾಯ

ಮೊದಲ ದಿನ ಸ್ಕ್ರಿಪ್ಟ್‌ನ ಪ್ರತಿ ಅಳತೆಯನ್ನೂ ಸ್ವತಂತ್ರ ಅಳತೆಯೊಂದಿಗೆ ಹೋಲಿಸಿದ ಬಳಿಕವೇ ಅದನ್ನು ನಂಬಬೇಕು.

• ವೋಲ್ಟೇಜ್ ಮತ್ತು ಕರೆಂಟ್: ಪ್ಯಾನೆಲ್ ಪರದೆಯ ಅಂಕಿ ಹಾಗೂ ಎಲೆಕ್ಟ್ರಿಷಿಯನ್‌ರ ಕ್ಲ್ಯಾಂಪ್ ಮೀಟರಿನೊಂದಿಗೆ ಹೋಲಿಸುವುದು. ಪಂಪ್ ನಿಂತಿರುವಾಗ ಮತ್ತು ನಡೆಯುವಾಗ ಎರಡೂ ಬಾರಿ ನೋಡಬೇಕು.
• ನೀರಿನ ಹರಿವು: 200 ಲೀಟರಿನ ಡ್ರಮ್ ತುಂಬಲು ಬೇಕಾಗುವ ಸಮಯ ನೋಡುವುದು. 50 ಸೆಕೆಂಡಿನಲ್ಲಿ ತುಂಬಿದರೆ ಸೆಕೆಂಡಿಗೆ 4 ಲೀಟರ್, ಗಂಟೆಗೆ 14,400 ಲೀಟರ್.
• ಆಲೆಮನೆಯ ತಾಪಮಾನ: ಮಾಪಕವನ್ನು ಕುದಿಯುವ ನೀರಿನಲ್ಲಿಟ್ಟು ನೋಡುವುದು. ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ. ನಮ್ಮ ಪ್ರದೇಶದ ಎತ್ತರದಲ್ಲಿ ಎರಡು-ಮೂರು ಡಿಗ್ರಿ ಕಡಿಮೆ ಕಾಣುವುದು ಸಹಜ. ಅಚ್ಚುಬೆಲ್ಲದ ಪಾಕವನ್ನು ಸುಮಾರು 116ರಿಂದ 120 ಡಿಗ್ರಿಯಲ್ಲಿಯೂ ಜೋನಿಬೆಲ್ಲವನ್ನು ಸುಮಾರು 105-106 ಡಿಗ್ರಿಯಲ್ಲಿಯೂ ಇಳಿಸಲಾಗುತ್ತದೆ. ಇಲ್ಲಿ ಕೆಲವೇ ಡಿಗ್ರಿಗಳ ತಪ್ಪು ಇಡೀ ಕೊಪ್ಪರಿಗೆಯ ಪಾಕವನ್ನು ಕೆಡಿಸಬಲ್ಲದು.

ದಾಖಲೆಯಿಂದ ತಿಳಿಯುವ ಸಂಗತಿಗಳು

• ಕರೆಂಟ್ ಎಂದಿಗಿಂತ ಗಣನೀಯವಾಗಿ ಇಳಿದು ಹರಿವೂ ನಿಂತಿದ್ದರೆ ಪಂಪ್ ಒಣಗಿ ಓಡುತ್ತಿರುವ ಸಂಭವವಿದೆ.
• ಹರಿವು ಪ್ರತಿದಿನ ಆರಂಭದಲ್ಲಿ ಚೆನ್ನಾಗಿದ್ದು ಗಂಟೆಗಳ ಬಳಿಕ ಇಳಿಯುತ್ತಿದ್ದರೆ ಬಾವಿಯ ಇಳುವರಿಗೆ ಮೀರಿ ನೀರೆತ್ತಲಾಗುತ್ತಿದೆ. ನಡುವೆ ವಿರಾಮ ನೀಡುವುದು ಹಾಗೂ ಹನಿ ನೀರಾವರಿಯತ್ತ ಸಾಗುವುದು ಸೂಕ್ತ.
• ಮೂರು ಫೇಸ್‌ಗಳ ಕರೆಂಟ್‌ನಲ್ಲಿ ವ್ಯತ್ಯಾಸ ಹೆಚ್ಚುತ್ತಿದ್ದರೆ ಸಡಿಲ ಜೋಡಣೆ ಅಥವಾ ವೋಲ್ಟೇಜ್ ಅಸಮತೋಲನವಿದ್ದು ಮೋಟಾರು ಬಿಸಿಯಾಗುವ ಅಪಾಯವಿದೆ.

ಸಾಮಾನ್ಯ ತೊಂದರೆಗಳು ಮತ್ತು ಪರಿಹಾರ

• ಉತ್ತರವೇ ಇಲ್ಲ: ಉಪಕರಣದ ಸಂಖ್ಯೆ, ವೇಗ, ಪ್ಯಾರಿಟಿ ಮತ್ತು ಎ-ಬಿ ತಂತಿಗಳನ್ನು ಪರಿಶೀಲಿಸಿ.
• ದೋಷ ಸಂಖ್ಯೆ 1: ಓದುವ ಆದೇಶ ತಪ್ಪಿದೆ, 03ರ ಬದಲು 04 ಪ್ರಯತ್ನಿಸಿ.
• ದೋಷ ಸಂಖ್ಯೆ 2: ಆ ವಿಳಾಸದಲ್ಲಿ ರಿಜಿಸ್ಟರ್ ಇಲ್ಲ, ಸೊನ್ನೆಯಿಂದ ಎಣಿಕೆ ಮಾಡಿದ್ದೀರಾ ಎಂದು ನೋಡಿ.
• ಪಂಪ್ ನಡೆಯುವಾಗ ಮಾತ್ರ ಸಂಪರ್ಕ ಕಡಿಯುತ್ತದೆ: ಡ್ರೈವ್‌ನ ವಿದ್ಯುತ್ ಗದ್ದಲವೇ ಕಾರಣವಾಗಿರಬಹುದು; ಕೇಬಲ್ ಮಾರ್ಗ, ಕವಚದ ಭೂಸಂಪರ್ಕ ಸರಿಪಡಿಸಿ.

ಮುನ್ನೆಚ್ಚರಿಕೆಗಳು

• ಸ್ಕ್ರಿಪ್ಟ್‌ನಲ್ಲಿ ಓದುವ ಆದೇಶಗಳು ಮಾತ್ರ ಇರಲಿ. 05, 06, 15 ಮತ್ತು 16 ಎಂಬ ಬರೆಯುವ ಆದೇಶಗಳು ಮೋಟಾರನ್ನು ಚಾಲೂ ಮಾಡಬಲ್ಲವು, ರಕ್ಷಣಾ ಮಿತಿಗಳನ್ನೂ ಬದಲಿಸಬಲ್ಲವು. ಬಾವಿಯ ಬಳಿ ದುರಸ್ತಿ ಮಾಡುತ್ತಿರುವವರ ಪ್ರಾಣಕ್ಕೆ ಇದರಿಂದ ಅಪಾಯ.
• ಸಾಮಾನ್ಯ ಮಾಡ್‌ಬಸ್‌ನಲ್ಲಿ ಗುಪ್ತಪದದ ರಕ್ಷಣೆ ಇಲ್ಲ. ಜಾಲದ ಮೂಲಕ ಬಳಸುವಾಗ ಅದರ 502ನೇ ದ್ವಾರವನ್ನು ನೇರವಾಗಿ ಅಂತರ್ಜಾಲಕ್ಕೆ ತೆರೆದಿಡಬಾರದು.
• ಒಣ ಓಟ ಮತ್ತು ಅಧಿಕ ಹೊರೆಯ ರಕ್ಷಣೆಯನ್ನು ಸ್ಟಾರ್ಟರ್ ಅಥವಾ ಡ್ರೈವ್‌ನಲ್ಲಿಯೇ ಇಡಬೇಕು. ಸ್ಕ್ರಿಪ್ಟ್ ಅದಕ್ಕೆ ಬದಲಿಯಲ್ಲ.
• ಡ್ರೈವ್‌ನ ವಿದ್ಯುತ್ ತೆಗೆದ ಬಳಿಕವೂ ಒಳಗಿನ ಕೆಪಾಸಿಟರ್‌ಗಳಲ್ಲಿ ವಿದ್ಯುತ್ ಉಳಿದಿರುತ್ತದೆ. ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು ಕಾದು ನಂತರವೇ ಮುಚ್ಚಳ ತೆರೆಯಬೇಕು.
• ಗುಡುಗು ಸಿಡಿಲಿನ ಕಾಲದಲ್ಲಿ ಉದ್ದದ ಕೇಬಲುಗಳಿಗೆ ಸರ್ಜ್ ರಕ್ಷಕ ಅಳವಡಿಸುವುದು ಉತ್ತಮ.

ವಿಸ್ತರಣಾ ಕಾರ್ಯಕರ್ತರಿಗೆ ಸೂಚನೆ

ಒಂದೇ ಮಾದರಿಯ ಉಪಕರಣ ಬಳಸುವ ರೈತರ ಗುಂಪಿಗೆ ಒಮ್ಮೆ ತಾಳೆ ನೋಡಿದ ರಿಜಿಸ್ಟರ್ ಪಟ್ಟಿಯನ್ನು ಹಂಚಿದರೆ ಎಲ್ಲರ ಶ್ರಮವೂ ಉಳಿಯುತ್ತದೆ. ಆದರೂ ಪ್ರತಿ ಸ್ಥಳದಲ್ಲಿ ಡ್ರಮ್ ಪರೀಕ್ಷೆ ಹಾಗೂ ಕ್ಲ್ಯಾಂಪ್ ಮೀಟರ್ ಹೋಲಿಕೆಯನ್ನು ಬಿಡಬಾರದು. ಒಂದೇ ಮಾದರಿಯಲ್ಲಿಯೂ ಸಿಟಿ ಅನುಪಾತ ಮತ್ತು ಏಕಮಾನದ ಆಯ್ಕೆಗಳು ಬೇರೆಯಾಗಿರಬಹುದು. ಪಟ್ಟಿಯ ಒಂದು ಪ್ರತಿಯನ್ನು ಪ್ಯಾನೆಲ್‌ನ ಬಾಗಿಲಿನ ಒಳಬದಿಗೆ ಅಂಟಿಸಿಡುವುದು ಸೂಕ್ತ.

ಬೆಳೆಗೆ ಬೇಕಾದ ನೀರಿನ ಪ್ರಮಾಣ ಮತ್ತು ದಾಖಲೆಯ ಬಳಕೆಯ ಕುರಿತು ಹೆಚ್ಚಿನ ಮಾಹಿತಿಗಾಗಿ ಸಮೀಪದ ರೈತ ಸಂಪರ್ಕ ಕೇಂದ್ರವನ್ನು ಅಥವಾ ಮಂಡ್ಯದ ವಿ.ಸಿ. ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.