ನಿದ್ದೆ ಮಾತ್ರೆ: ಹತ್ತು ದಿನಕ್ಕೆ ಬರೆದದ್ದು ಹತ್ತು ವರ್ಷವಾದರೂ ನಿಲ್ಲಲ್ಲ, ಒಮ್ಮೆಲೇ ಬಿಟ್ಟರೂ ಅಪಾಯ

ಬಳ್ಳಾರಿ: ವಯಸ್ಸಾದವರಿರುವ ಮನೆಯ ಔಷಧಿ ಡಬ್ಬಿ ತೆರೆದು ನೋಡಿ. ಬಿಪಿ ಮಾತ್ರೆ, ಶುಗರ್ ಮಾತ್ರೆ, ಗ್ಯಾಸ್ಟ್ರಿಕ್ ಮಾತ್ರೆ ಜೊತೆ ಇನ್ನೊಂದು ಪುಟ್ಟ ಗುಳಿಗೆ ಸಿಗೋದು ಅಪರೂಪವೇನಲ್ಲ. ಕೇಳಿದರೆ "ಅದು ನಿದ್ದಿ ಗುಳಿಗಿ, ಸಣ್ಣದು, ಏನೂ ಆಗಲ್ಲ" ಅನ್ನೋ ಉತ್ತರ. ಆಪರೇಷನ್ ಆದಾಗಲೋ, ಮನೆಯಲ್ಲಿ ಸಾವಾದಾಗಲೋ, ಎದೆ ಡವಡವ ಅಂತ ಡಾಕ್ಟರ್ ಹತ್ತಿರ ಹೋದಾಗಲೋ ಹತ್ತು ದಿನಕ್ಕೆ ಬರೆದುಕೊಟ್ಟದ್ದು. ಆ ಕಷ್ಟ ಹೋಗಿ ವರ್ಷಗಳೇ ಆಗಿರುತ್ತೆ. ಚೀಟಿ ಮಾತ್ರ ಪ್ಲಾಸ್ಟಿಕ್ ಕವರ್‌ನಲ್ಲಿ ಮಡಚಿಟ್ಟು ಹಾಗೇ ಇರುತ್ತೆ.

ಇಂಥ ಮಾತ್ರೆ ನಿಮ್ಮ ಮನೆಯಲ್ಲೂ ಇದ್ದರೆ ಮೊದಲು ಒಂದು ವಿಷಯ ನೆನಪಿಡಿ. ಇದನ್ನು ಓದಿ ಇವತ್ತೇ ರಾತ್ರಿ ಮಾತ್ರೆ ನಿಲ್ಲಿಸಬೇಡಿ. ಯಾಕೆ ಅನ್ನೋದು ಮುಂದೆ ಇದೆ.

ಯಾವ ಮಾತ್ರೆಗಳಿವು?

ಅಲ್ಪ್ರಾಜೋಲಾಮ್, ಕ್ಲೋನಾಜೆಪಾಮ್, ಲೋರಾಜೆಪಾಮ್, ಡಯಾಜೆಪಾಮ್, ನೈಟ್ರಾಜೆಪಾಮ್. ಇವೆಲ್ಲ ಬೆಂಜೋಡಯಾಜೆಪಿನ್ ಅನ್ನೋ ಒಂದೇ ಕುಟುಂಬದವು. ಸ್ಟ್ರಿಪ್ ಮೇಲಿನ ಕಂಪನಿ ಹೆಸರು ಬಿಟ್ಟು ಕೆಳಗೆ ಸಣ್ಣಕ್ಷರದಲ್ಲಿರೋ ಔಷಧಿ ಹೆಸರು ಓದಿ. ಕೊನೆಯಲ್ಲಿ 'ಜೆಪಾಮ್' ಅಥವಾ 'ಜೋಲಾಮ್' ಅಂತ ಇದ್ದರೆ ಬಹುತೇಕ ಇದೇ ಗುಂಪು. ಜೋಲ್ಪಿಡೆಮ್ ಹೆಸರಲ್ಲಿ ಬೇರೆ, ಕೆಲಸದಲ್ಲಿ ಹತ್ತಿರದ ಸಂಬಂಧಿ.

ಕೆಲವರಿಗೆ ತಾವು ಇದನ್ನು ನುಂಗ್ತಿರೋದೇ ಗೊತ್ತಿರಲ್ಲ. ಹೊಟ್ಟೆ ನುಲಿತಕ್ಕೆ, ಪದೇ ಪದೇ ಸಂಡಾಸಿಗೆ ಹೋಗೋ ತೊಂದರೆಗೆ ಕೊಡುವ ಕೆಲವು ಮಾತ್ರೆಗಳಲ್ಲಿ ಕ್ಲೋರ್‌ಡಯಾಜೆಪಾಕ್ಸೈಡ್ ಸೇರಿರುತ್ತೆ. ಖಿನ್ನತೆಗೆ ಕೊಡುವ ಎಸಿಟಲೋಪ್ರಾಮ್ ಜೊತೆ ಕ್ಲೋನಾಜೆಪಾಮ್ ಬೆರೆಸಿದ ಮಾತ್ರೆಯೂ ನಮ್ಮ ದೇಶದಲ್ಲಿ ಧಾರಾಳವಾಗಿ ಸಿಗುತ್ತೆ. ಹೊಟ್ಟೆಗೆ ಅಂತ ಶುರು ಮಾಡಿದವರು ಮಾತ್ರೆ ಬಿಟ್ಟಾಗ ನಿದ್ದೆ ಹೋಯ್ತು, ಕೈ ನಡುಗ್ತು ಅಂದರೆ ಅದಕ್ಕೆ ಕಾರಣ ಹೊಟ್ಟೆಯಲ್ಲ.

ಇನ್ನು 'ಸಣ್ಣದು' ಅನ್ನೋ ಮಾತು. ಜ್ವರದ ಮಾತ್ರೆ 500 ಮಿಲಿಗ್ರಾಂ, ಇದು ಬರೀ ಅರ್ಧ ಮಿಲಿಗ್ರಾಂ, ಹಾಗಾಗಿ ಪವರ್ ಕಡಿಮೆ ಅಂತ ಜನ ಲೆಕ್ಕ ಹಾಕ್ತಾರೆ. ಆ ಲೆಕ್ಕ ತಪ್ಪು. 0.5 ಮಿಲಿಗ್ರಾಂ ಅಲ್ಪ್ರಾಜೋಲಾಮ್ ಹೆಚ್ಚೂಕಡಿಮೆ 10 ಮಿಲಿಗ್ರಾಂ ಡಯಾಜೆಪಾಮ್‌ಗೆ ಸಮ.

ಮಾತ್ರೆ ಇಲ್ದೆ ನಿದ್ದೆ ಯಾಕೆ ಬರಲ್ಲ?

ಮೆದುಳಿನಲ್ಲಿ ಗಾಬಾ ಅನ್ನೋ ರಾಸಾಯನಿಕ ಇದೆ. ಗಾಡಿಗೆ ಬ್ರೇಕ್ ಇದ್ದ ಹಾಗೆ, ನರಗಳ ಓಟವನ್ನು ಅದು ಹಿಡಿದಿಡುತ್ತೆ. ಈ ಮಾತ್ರೆಗಳು ಆ ಬ್ರೇಕನ್ನು ಇನ್ನಷ್ಟು ಗಟ್ಟಿಯಾಗಿ ಒತ್ತುತ್ತವೆ. ಅದಕ್ಕೇ ಮೊದಲ ದಿನಗಳಲ್ಲಿ ಅಷ್ಟು ಚೆನ್ನಾಗಿ ನಿದ್ದೆ. ಆದರೆ ದಿನಾ ಹೊರಗಿನಿಂದ ಬ್ರೇಕ್ ಬೀಳ್ತಾ ಇದ್ದರೆ ಮೆದುಳು ಅದಕ್ಕೆ ಹೊಂದಿಕೊಂಡು ತನ್ನ ಸ್ಪಂದನೆ ತಗ್ಗಿಸಿಕೊಳ್ಳುತ್ತೆ. ಕೆಲವೇ ವಾರಗಳಲ್ಲಿ ಅದೇ ಮಾತ್ರೆ ಮೊದಲಿನಷ್ಟು ನಿದ್ದೆ ತರಲ್ಲ.

ಜನ ಸಿಕ್ಕಿಬೀಳೋದು ಇಲ್ಲೇ. ಒಂದು ರಾತ್ರಿ ಮಾತ್ರೆ ಮುಗಿದಿರುತ್ತೆ, ಬೆಳಗಿನವರೆಗೂ ಹೊರಳಾಟ. "ನೋಡಿ, ಇದಿಲ್ದೆ ನಂಗೆ ನಿದ್ದೆನೇ ಇಲ್ಲ" ಅಂತ ತೀರ್ಮಾನ. ಹಳೇ ಕಾಯಿಲೆ ಮತ್ತೆ ಬಂತು ಅಂತ ಅವರು ತಿಳಿದುಕೊಂಡಿರೋದು ಬಹಳ ಸಲ ಮಾತ್ರೆ ತಪ್ಪಿದ್ದರಿಂದಲೇ ಆದ ತೊಂದರೆ. ಮಾತ್ರೆಯೇ ತಂದಿಟ್ಟ ನಿದ್ರಾಹೀನತೆಗೆ ಮತ್ತೆ ಅದೇ ಮಾತ್ರೆ ಮದ್ದಾಗುತ್ತೆ.

ಈ ಗುಂಪಿನ ಮೊದಲ ಔಷಧಿ ಕ್ಲೋರ್‌ಡಯಾಜೆಪಾಕ್ಸೈಡ್ 1960ರಲ್ಲಿ, ಡಯಾಜೆಪಾಮ್ 1963ರಲ್ಲಿ ಮಾರುಕಟ್ಟೆಗೆ ಬಂತು. ಎರಡೂ ರೋಶ್ ಕಂಪನಿಯವು. ಅದಕ್ಕೂ ಮುಂಚೆ ಇದ್ದ ಬಾರ್ಬಿಚುರೇಟ್ ಮಾತ್ರೆಗಳಲ್ಲಿ ಡೋಸ್ ಸ್ವಲ್ಪ ಹೆಚ್ಚಾದರೂ ಜೀವ ಹೋಗ್ತಿತ್ತು, ಹಾಗಾಗಿ ಹೊಸದನ್ನು ಸುರಕ್ಷಿತ ಅಂತಲೇ ಸ್ವಾಗತಿಸಿದರು. ಅವಲಂಬನೆಯ ಸಮಸ್ಯೆ ಎಲ್ಲರೂ ಒಪ್ಪೋ ಹೊತ್ತಿಗೆ ಕಾಲು ಶತಮಾನ ಕಳೆದಿತ್ತು. 1988ರಲ್ಲಿ ಬ್ರಿಟನ್‌ನ ಔಷಧ ಸುರಕ್ಷತಾ ಸಮಿತಿ ಎರಡರಿಂದ ನಾಲ್ಕು ವಾರಕ್ಕಿಂತ ಹೆಚ್ಚು ಕೊಡಬಾರದು ಅಂತ ವೈದ್ಯರಿಗೆ ಹೇಳಿತು. ಅಮೆರಿಕದ ಎಫ್‌ಡಿಎ ಈ ಗುಂಪಿನ ಎಲ್ಲ ಔಷಧಿಗಳ ಮೇಲೆ ಅವಲಂಬನೆ ಬಗ್ಗೆ ಕಟ್ಟುನಿಟ್ಟಿನ ಎಚ್ಚರಿಕೆ ಮುದ್ರಿಸಲು ಸೂಚಿಸಿದ್ದು 2020ರ ಸೆಪ್ಟೆಂಬರ್‌ನಲ್ಲಿ.

ಅರಳುಮರಳು ಅಲ್ಲ, ಮಾತ್ರೆ ಇರಬಹುದು

ವಯಸ್ಸಾದಂತೆ ಔಷಧಿ ದೇಹದಿಂದ ಹೊರಹೋಗೋದು ನಿಧಾನ ಆಗುತ್ತೆ. ಡಯಾಜೆಪಾಮ್‌ನಂಥದ್ದು ಮೊದಲೇ ದಿನಗಟ್ಟಲೆ ರಕ್ತದಲ್ಲಿ ಉಳಿಯುವ ಔಷಧಿ. ದಿನಾ ತಗೊಂಡರೆ ಒಂದರ ಮೇಲೊಂದು ಸೇರ್ತಾ ಹೋಗುತ್ತೆ. ಬೆಳಗ್ಗೆ ಮಂಪರು, ಹೇಳಿದ್ದು ಮರೆಯೋದು, ನಾಲಿಗೆ ತೊದಲೋದು. ಮನೆಯವರು ವಯಸ್ಸಾಯ್ತು, ಅರಳುಮರಳು ಅಂತ ಸುಮ್ಮನಾಗ್ತಾರೆ.

ಎಲ್ಲಕ್ಕಿಂತ ದೊಡ್ಡ ಅಪಾಯ ಬೀಳೋದು. ಮಾತ್ರೆ ತಗೊಂಡು ಮಲಗಿದ ಅಜ್ಜಿ ರಾತ್ರಿ ಎರಡು ಗಂಟೆಗೆ ಬಚ್ಚಲಿಗೆ ಅಂತ ಏಳ್ತಾರೆ, ಕತ್ತಲಲ್ಲಿ ಹೊಸ್ತಿಲು ಎಡವುತ್ತಾರೆ, ಸೊಂಟದ ಮೂಳೆ ಮುರಿಯುತ್ತೆ. ಆ ವಯಸ್ಸಲ್ಲಿ ಸೊಂಟ ಮುರಿದರೆ ಅನೇಕರು ಮತ್ತೆ ಮೊದಲಿನಂತೆ ಓಡಾಡಲ್ಲ. 65 ದಾಟಿದವರಿಗೆ ಈ ಗುಂಪಿನ ಔಷಧಿ ಸಾಧ್ಯವಾದಷ್ಟು ಬೇಡ ಅಂತ ವೃದ್ಧರ ಚಿಕಿತ್ಸೆಯ ಮಾರ್ಗಸೂಚಿಗಳು ಹೇಳೋದು ಇದೇ ಕಾರಣಕ್ಕೆ.

ಕುಡಿಯುವವರಿಗೆ ಬೇರೆಯೇ ಎಚ್ಚರಿಕೆ. ಎಣ್ಣೆ ಹೊಡೆದು ಮೇಲೆ ಈ ಮಾತ್ರೆ ನುಂಗಿದರೆ ಉಸಿರಾಟವೇ ನಿಲ್ಲಬಹುದು. ಟ್ರಮಡಾಲ್‌ನಂಥ ನೋವಿನ ಮಾತ್ರೆ ಜೊತೆಗೂ ಅದೇ ಅಪಾಯ.

ಒಮ್ಮೆಲೇ ಬಿಟ್ಟರೆ ಏನಾಗುತ್ತೆ?

ಬಹಳ ದಿನದಿಂದ ತಗೊಳ್ತಿರೋ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಗಾಬರಿ, ಬೆವರು, ಕೈನಡುಕ, ಸಣ್ಣ ಶಬ್ದಕ್ಕೂ ಬೆಚ್ಚಿಬೀಳೋದು ಶುರುವಾಗಬಹುದು. ಕೆಲವರಿಗೆ ಫಿಟ್ಸ್ ಬರುತ್ತೆ, ಇಲ್ಲದ್ದು ಕಾಣಿಸುತ್ತೆ. ಪ್ರಾಣಾಪಾಯವೂ ಇದೆ. ಅಲ್ಪ್ರಾಜೋಲಾಮ್‌ನಂಥದ್ದು ಬಿಟ್ಟರೆ ಒಂದೆರಡು ದಿನದಲ್ಲೇ ಶುರುವಾಗಬಹುದು, ಡಯಾಜೆಪಾಮ್ ಆದರೆ ವಾರವೂ ಹಿಡಿಯಬಹುದು.

ಪಕ್ಕದ ತೆಲಂಗಾಣದಲ್ಲಿ ಇದು ಕಣ್ಣೆದುರೇ ನಡೆದಿದೆ. ಅಲ್ಲಿ ಕಲಬೆರಕೆ ಸೇಂದಿಗೆ ಅಲ್ಪ್ರಾಜೋಲಾಮ್ ಸೇರಿಸ್ತಿದ್ದರು. 2015ರಲ್ಲಿ ದಾಳಿ ಬಿಗಿಯಾಗಿ ಆ ಸೇಂದಿ ಸಿಗದಾದಾಗ ದಿನಾ ಕುಡಿಯುತ್ತಿದ್ದವರು ವಿಚಿತ್ರವಾಗಿ ಆಡ್ತಾ, ಫಿಟ್ಸ್ ಬಂದು ಆಸ್ಪತ್ರೆ ಸೇರಿದರು. ಡಾಕ್ಟರ್ ಬರೆದದ್ದಾದರೂ ಸೇಂದಿಯಲ್ಲಿ ಬೆರೆಸಿದ್ದಾದರೂ ಮೆದುಳಿಗೆ ಎರಡೂ ಒಂದೇ.

ಹಾಗಾಗಿ ಬೇರೆ ಯಾವ ಕಾರಣಕ್ಕೆ ಆಸ್ಪತ್ರೆಗೆ ಸೇರಿದರೂ ಈ ಮಾತ್ರೆ ವಿಷಯ ಹೇಳಲೇಬೇಕು. ಮನೆಯವರು ಬಿಪಿ, ಶುಗರ್ ಹೇಳ್ತಾರೆ, ನಿದ್ದೆ ಮಾತ್ರೆ ಬಿಡ್ತಾರೆ. ಮೂರನೇ ದಿನ ರೋಗಿ ಸಲೈನ್ ಕಿತ್ತು ಎದ್ದು ಕೂತು ಏನೇನೋ ಮಾತಾಡಿದಾಗ ಕಾರಣ ಯಾರಿಗೂ ಹೊಳೆಯಲ್ಲ.

ಹಳೇ ಚೀಟಿಗೆ ಮಾತ್ರೆ ಕೊಡಬಹುದಾ?

ಇಲ್ಲ. ಮತ್ತೆ ಕೊಡಬಹುದು ಅಂತ ವೈದ್ಯರೇ ಬರೆಯದಿದ್ದರೆ ಇಂಥ ಚೀಟಿಗೆ ಒಂದೇ ಸಲ ಔಷಧಿ ಕೊಡಬೇಕು ಅನ್ನೋದು ಔಷಧ ನಿಯಮ. ಅಲ್ಪ್ರಾಜೋಲಾಮ್, ಡಯಾಜೆಪಾಮ್, ನೈಟ್ರಾಜೆಪಾಮ್, ಜೋಲ್ಪಿಡೆಮ್ ಇವೆಲ್ಲ 2014ರ ಮಾರ್ಚ್ 1ರಿಂದ ಶೆಡ್ಯೂಲ್ ಎಚ್1 ಪಟ್ಟಿಯಲ್ಲಿವೆ. ವೈದ್ಯರ ಹೆಸರು ವಿಳಾಸ, ರೋಗಿ ಹೆಸರು, ಔಷಧಿ, ಎಷ್ಟು ಕೊಟ್ಟದ್ದು ಎಲ್ಲವನ್ನೂ ಅಂಗಡಿಯವರು ಬೇರೆ ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು.

ಗುರುತಿನ ಗಿರಾಕಿ ಬಂದರೆ ಈ ನಿಯಮ ಎಷ್ಟು ನಡೆಯುತ್ತೆ ಅನ್ನೋದು ಎಲ್ಲರಿಗೂ ಗೊತ್ತಿರೋದೇ. ಆದರೆ ತಪ್ಪು ಮೆಡಿಕಲ್ ಶಾಪಿನದ್ದೊಂದೇ ಅಲ್ಲ. ಚೀಟಿಯಲ್ಲಿ ಯಾವಾಗ ಶುರು ಅಂತ ಇರುತ್ತೆ, ಯಾವಾಗ ನಿಲ್ಲಿಸಬೇಕು ಅಂತ ಬರೆದಿರೋದು ಕಡಿಮೆ. ಆ ಒಂದು ಸಾಲು ಕೇಳಿ ಬರೆಸಿಕೊಳ್ಳೋದು ರೋಗಿಯ ಹಕ್ಕು.

ಬಿಡೋದು ಹೇಗೆ?

ನಿಧಾನವಾಗಿ, ವೈದ್ಯರ ಲೆಕ್ಕದಲ್ಲಿ. ಅಮೆರಿಕದ ವೈದ್ಯ ಸಂಘಗಳು 2025ರಲ್ಲಿ ಒಟ್ಟಾಗಿ ಕೊಟ್ಟ ಮಾರ್ಗಸೂಚಿ ಪ್ರಕಾರ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಶೇ 5ರಿಂದ 10ರಷ್ಟು ಇಳಿಸುತ್ತಾ ಹೋಗಬಹುದು. ಅಂದರೆ ತಿಂಗಳುಗಟ್ಟಲೆ ಕೆಲಸ. ಕೆಲವರಿಗೆ ವರ್ಷವೂ ಆಗುತ್ತೆ. ಇಳಿಸುವಾಗ ಕೆಲವು ರಾತ್ರಿ ನಿದ್ದೆ ಕೆಡೋದು ಸಹಜ. ತಡೆಯೋಕೆ ಆಗದಿದ್ದರೆ ಡಾಕ್ಟರ್ ಅಲ್ಲೇ ಸ್ವಲ್ಪ ದಿನ ನಿಲ್ಲಿಸಿ ಆಮೇಲೆ ಮುಂದುವರಿಸ್ತಾರೆ.

ವಯಸ್ಸಾದವರಿಗೆ ಇನ್ನೇನು ಬಿಡಿಸೋದು ಅನ್ನೋರಿಗೆ ಕೆನಡಾದ ಉದಾಹರಣೆ ಇದೆ. ಕ್ವಿಬೆಕ್‌ನಲ್ಲಿ 65 ದಾಟಿದ, ಬಹಳ ಕಾಲದಿಂದ ಈ ಮಾತ್ರೆ ತಗೊಳ್ತಿದ್ದವರಿಗೆ ಮಾತ್ರೆಯ ಅಪಾಯ ಮತ್ತು ನಿಧಾನಕ್ಕೆ ಇಳಿಸುವ ಕ್ರಮ ಇದ್ದ ಒಂದು ಕಿರುಪುಸ್ತಕ ಕೊಟ್ಟರು. ಆರು ತಿಂಗಳಲ್ಲಿ ಶೇ 27ರಷ್ಟು ಜನ ಪೂರ್ತಿ ಬಿಟ್ಟಿದ್ದರು. ಪುಸ್ತಕ ಸಿಗದವರಲ್ಲಿ ಬಿಟ್ಟವರು ಶೇ 5. ಈ ಫಲಿತಾಂಶ 2014ರಲ್ಲಿ ಪ್ರಕಟವಾಯಿತು.

ಎಲ್ಲರೂ ಬಿಡಬೇಕು ಅಂತಲ್ಲ. ಫಿಟ್ಸ್ ಕಾಯಿಲೆಗೆ ಕ್ಲೋಬಜಾಮ್, ಕ್ಲೋನಾಜೆಪಾಮ್ ತಗೊಳ್ಳೋರಿಗೆ ಅದು ಬೇಕೇ ಬೇಕು. ಇನ್ನೊಂದು ಗೊಂದಲ ನಮ್ಮ ಕಡೆ ಬಹಳ ಇದೆ: ಮನೋವೈದ್ಯರು ಕೊಟ್ಟಿದ್ದೆಲ್ಲ ನಿದ್ದೆ ಮಾತ್ರೆ ಅನ್ನೋದು. ಖಿನ್ನತೆ, ಸ್ಕಿಜೋಫ್ರೇನಿಯಾಗೆ ಕೊಡುವ ಮುಖ್ಯ ಔಷಧಿಗಳು ಈ ಗುಂಪಿಗೆ ಸೇರಿಲ್ಲ. ಅವನ್ನು ಹೆದರಿ ಬಿಟ್ಟರೆ ಕಾಯಿಲೆ ಮರುಕಳಿಸುತ್ತೆ.

ಎಲ್ಲಿ ಕೇಳಬೇಕು?

1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲೇ ಪ್ರಯೋಗ ಮಾಡಿ, ಸಾಮಾನ್ಯ ಪಿಎಚ್‌ಸಿ ವೈದ್ಯರೂ ಮಾನಸಿಕ ಕಾಯಿಲೆ ನೋಡಬಹುದು ಅಂತ ತೋರಿಸಿಕೊಟ್ಟಿತ್ತು. ಅದೇ ಬಳ್ಳಾರಿ ಮಾದರಿ ಇಟ್ಟುಕೊಂಡು 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿತು. ಈಗಲೂ ಜಿಲ್ಲಾ ಮಟ್ಟದಲ್ಲಿ ಆ ತಂಡ ಇದೆ. ಮನೋಚೈತನ್ಯ ಯೋಜನೆಯಡಿ ಮಂಗಳವಾರ ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಅಂತ ಆಸ್ಪತ್ರೆಯಲ್ಲಿ ವಿಚಾರಿಸಿಕೊಂಡು ಹೋಗಿ.

ಹೋಗೋಕೆ ಮುಜುಗರ ಅನ್ನೋರು ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು. ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡ್ತಾರೆ. ಫೋನ್ ಮಾಡೋಕೆ ಮುಂಚೆ ಮಾತ್ರೆ ಸ್ಟ್ರಿಪ್ ಕೈಯಲ್ಲಿ ಹಿಡ್ಕೊಂಡು ಕೂತ್ಕೊಳ್ಳಿ: ಹೆಸರು, ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು, ಎಷ್ಟು ವರ್ಷದಿಂದ, ಇದೇ ಅವರು ಮೊದಲು ಕೇಳೋದು.