ಹ್ಯಾಕಥಾನ್‌ಗೆ ಬಂದ ಗುಜರಿ

ಹ್ಯಾಕಥಾನ್ ಅಂದ್ರೆ ನಮಗೆ ನೆನಪಾಗೋದು ಪಿಜ್ಜಾ, ಟೀಶರ್ಟು, ನಿದ್ದೆಗೆಟ್ಟ ಒಂದು ರಾತ್ರಿ. ಆದರೆ ಈ ಹೆಸರಿನ ಮೊದಮೊದಲ ಕೂಟ ಸೇರಿದ್ದು ಬಹುಮಾನಕ್ಕಲ್ಲ. 1999ರ ಜೂನ್‌ನಲ್ಲಿ ಓಪನ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್ ಕಟ್ಟುತ್ತಿದ್ದ 10 ಜನ ಕೆನಡಾದ ಕ್ಯಾಲ್ಗರಿಯಲ್ಲಿ ಒಟ್ಟಿಗೆ ಕೂತರು. ಎನ್‌ಕ್ರಿಪ್ಷನ್ ತಂತ್ರಾಂಶವನ್ನು ಹೊರದೇಶಕ್ಕೆ ಕಳಿಸಲು ಅಮೆರಿಕದ ಕಾನೂನು ಅಡ್ಡಿಯಾಗಿತ್ತು, ಅದಕ್ಕೇ ಗಡಿಯಾಚೆ ಸೇರಿದ್ದು. ಅಂದರೆ ಮೊದಲು ಇದ್ದದ್ದು ತೊಡಕು, ಕೋಡ್ ಬಂದದ್ದು ಆಮೇಲೆ.

ಹತ್ತು ವರ್ಷದಲ್ಲಿ ಈ ರೂಢಿ ಶಾಲೆ ಮಕ್ಕಳವರೆಗೂ ಬಂತು. 2009ರಲ್ಲಿ ಲಂಡನ್ನಿನ ‘ಯಂಗ್ ರಿವೈರ್ಡ್ ಸ್ಟೇಟ್’ ಹದಿಹರೆಯದವರನ್ನು ಕೂರಿಸಿ ಸರ್ಕಾರಿ ಅಂಕಿಅಂಶಗಳಿಂದ ಆ್ಯಪ್ ಮಾಡಿಸಿತು. 2010ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಡುಗಿಯರಿಗಾಗಿಯೇ ‘ಟೆಕ್ನೋವೇಷನ್’ ಶುರುವಾಯಿತು. ಇದು ಒಂದು ರಾತ್ರಿಯ ಆಟ ಅಲ್ಲ, ತಿಂಗಳುಗಟ್ಟಲೆ ಕೆಲಸ. ನಿಮ್ಮ ಸುತ್ತಲಿನ ಒಂದು ಸಮಸ್ಯೆ ಹುಡುಕಿ, ಆ್ಯಪ್ ಕಟ್ಟಿ, ಅದು ಹೇಗೆ ನಡೆಯುತ್ತೆ ಅಂತ ಬಿಸಿನೆಸ್ ಪ್ಲಾನನ್ನೂ ಬರೆಯಬೇಕು.

2015ರಲ್ಲಿ ಆ ಸ್ಪರ್ಧೆ ಗೆದ್ದವರಲ್ಲಿ ಬೆಂಗಳೂರಿನ ಐವರು ಹೈಸ್ಕೂಲ್ ಹುಡುಗಿಯರೂ ಇದ್ದರು. ಅವರ ‘ಸೆಲಿಕ್ಸೊ’ ಆ್ಯಪ್ ಒಣಕಸ ಮಾರುವವರನ್ನೂ ಕೊಳ್ಳುವವರನ್ನೂ ಸೇರಿಸುತ್ತಿತ್ತು. ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ 10,000 ಡಾಲರ್ ಬಹುಮಾನ ಬಂತು.

ಅವರಿಗೆ ಕಸವೇ ಯಾಕೆ ಕಂಡಿತು ಅನ್ನೋದಕ್ಕೆ ಆಗಿನ ಬೆಂಗಳೂರು ನೆನಪಿಸಿಕೊಂಡರೆ ಸಾಕು. 2012ರಲ್ಲಿ ಮಾವಳ್ಳಿಪುರದ ಡಂಪಿಂಗ್ ನಿಂತು ಬೀದಿಬೀದಿಯಲ್ಲಿ ಕಸ ಕೊಳೆಯಿತು. 2014ರಲ್ಲಿ ಮಂಡೂರಿನ ಜನ ಕಸದ ಲಾರಿಗಳ ವಿರುದ್ಧ ರಸ್ತೆಗಿಳಿದರು. ನಾವು ಗೇಟಿನಾಚೆ ಇಟ್ಟು ಮರೆತ ಚೀಲ ಇನ್ನೊಂದು ಊರಿನ ಗಾಳಿ, ನೀರು ಕೆಡಿಸುತ್ತಿತ್ತು.

ಹಾಗಂತ ಒಣಕಸಕ್ಕೆ ಬೆಲೆ ಇದೆ ಅನ್ನೋದು ಹೊಸ ಶೋಧವೇನಲ್ಲ. ಸೈಕಲ್ ಮೇಲೆ ‘ಹಳೇ ಪೇಪರ್’ ಅಂತ ಕೂಗ್ತಾ ಬರೋರು, ಮೂಲೆಯ ಗುಜರಿ ಅಂಗಡಿಯವರು, ಚಿಂದಿ ಆಯುವವರು ಆ ವ್ಯಾಪಾರವನ್ನು ಎಷ್ಟೋ ವರ್ಷದಿಂದ ನಡೆಸಿಕೊಂಡು ಬಂದಿದ್ದಾರೆ. ಹುಡುಗಿಯರು ಅದೇ ವ್ಯಾಪಾರವನ್ನು ಫೋನಿಗೆ ತಂದರು. ನಾವು ದಿನಾ ದಾಟಿ ಹೋಗುವುದನ್ನು ನಿಂತು ನೋಡಿದ್ದೇ ಅವರ ಹೆಚ್ಚುಗಾರಿಕೆ.

ಐಟಿಯಲ್ಲಿರೋ ನಮ್ಮನ್ನು ಇಂಥ ಸ್ಪರ್ಧೆಗಳಿಗೆ ಮೆಂಟರ್ ಆಗಿ, ಜಡ್ಜ್ ಆಗಿ ಕರೀತಾರೆ. ನಾವು ಹೋಗಿ ಸ್ಕ್ರೀನ್ ಚೆನ್ನಾಗಿದೆಯಾ, ಡೆಮೊ ಓಡುತ್ತಾ ಅಂತ ನೋಡಿ ಅಂಕ ಹಾಕಿ ಬರ್ತೀವಿ. ಮುಂದಿನ ಸಲ ಮೊದಲ ಪ್ರಶ್ನೆ ಬೇರೆ ಇರಲಿ: ‘ಗುಜರಿ ಅಂಗಡಿಯವರ ಹತ್ರ ಮಾತಾಡಿದ್ರಾ, ಮಕ್ಕಳೇ?’