ಪಗ್ಗುವಿನ ಸೆಕೆ, ಬೇಸದ ಗುಡುಗು

ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಸೀಮೆಯಲ್ಲಿ ಬೇಸಿಗೆ ಮೊದಲು ಕಾಣಿಸುವುದು ಪದವಿನಲ್ಲಿ. ನೆತ್ತಿ ಚಪ್ಪಟೆಯಾದ ಮುರಕಲ್ಲಿನ ಗುಡ್ಡಕ್ಕೆ ಇಲ್ಲಿ ಪದವು ಎಂದು ಹೆಸರು. ಮಳೆಗಾಲದಲ್ಲಿ ಹುಲ್ಲು ಹೊದ್ದು, ಪಳ್ಳಗಳಲ್ಲಿ ನೀರು ತುಂಬಿಕೊಳ್ಳುವ ಇದೇ ಪದವು ಮಾರ್ಚಿಗೆಲ್ಲ ಕಾದ ಕಾವಲಿಯಾಗುತ್ತದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ದಕ್ಷಿಣ ಕನ್ನಡ ಜಿಲ್ಲೆಯ ನಡುವೆಯೇ ಎರಡು ಮೂರು ತಿಂಗಳ ಮಟ್ಟಿಗೆ ಮರುಭೂಮಿಯ ತುಂಡುಗಳು ಹುಟ್ಟಿಕೊಳ್ಳುತ್ತವೆ. ಮುರಕಲ್ಲಿನ ಮೈ ತೂತು ತೂತು. ಬಿದ್ದ ನೀರಿನಲ್ಲಿ ಬಹುಪಾಲು ಹರಿದು ತೋಡು ಸೇರಿದರೆ, ಉಳಿದದ್ದು ಕಲ್ಲಿನ ಸಂದಿಗಿಳಿದು ಮಾಯವಾಗುತ್ತದೆ.

ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. ಟಿಪ್ಪುವಿನ ಪತನದ ಬಳಿಕ ಈಸ್ಟ್ ಇಂಡಿಯಾ ಕಂಪನಿ ಕಳಿಸಿದ ಈ ವೈದ್ಯ 1801ರ ಆರಂಭದಲ್ಲಿ ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳನ್ನು ಹಾದುಹೋದ. ಕಲ್ಲನ್ನು ಗುರುತಿಸಿದ್ದು ಮಲಬಾರಿನಲ್ಲಿ. ಹೆಸರು ಲೋಕಕ್ಕೆ ತಿಳಿದದ್ದು 1807ರಲ್ಲಿ ಅವನ ಪ್ರವಾಸ ಗ್ರಂಥ ಅಚ್ಚಾದಾಗ. ಲ್ಯಾಟಿನ್ನಿನಲ್ಲಿ ‘ಲ್ಯಾಟರ್’ ಎಂದರೆ ಇಟ್ಟಿಗೆ. ಕಡಿಯುವಾಗ ಮೆತ್ತಗಿದ್ದು ಗಾಳಿ ಬಿಸಿಲಿಗೆ ಗಟ್ಟಿಯಾಗುವ ಈ ಕಲ್ಲಿನ ಗುಣ ತುಳುನಾಡಿನ ಕಲ್ಲು ಕಡಿಯುವವರಿಗೆ ಹೊಸ ಸಂಗತಿಯೇನೂ ಆಗಿರಲಿಲ್ಲ.

ಕರಾವಳಿಯ ಬೇಸಿಗೆಯನ್ನು ಬಿಸಿಲಿನಿಂದ ಅಳೆಯುವುದಕ್ಕಿಂತ ಸೆಕೆಯಿಂದ ಅಳೆಯುವುದು ವಾಸಿ. ಹವಾಮಾನ ಇಲಾಖೆ ಬಯಲುಸೀಮೆಯಲ್ಲಿ ಉಷ್ಣ ಅಲೆಯನ್ನು ಘೋಷಿಸಬೇಕಾದರೆ ಪಾದರಸ 40 ಡಿಗ್ರಿಯಾದರೂ ಮುಟ್ಟಬೇಕು. ಕರಾವಳಿಗೆ ಆ ಮಿತಿ 37 ಡಿಗ್ರಿ. ಗಾಳಿಯ ತೇವದಿಂದ ಬೆವರು ಆರದೆ ಮೈಗಂಟಿಕೊಳ್ಳುವುದೇ ಕಾರಣ. ಮಧ್ಯಾಹ್ನ ಕಡಲಿನಿಂದ ಬರುವ ತೇವದ ಗಾಳಿ ಕಾದ ಗುಡ್ಡಗಳನ್ನು ದಾಟಿ, 1,894 ಮೀಟರ್ ಎತ್ತರದ ಕುದುರೆಮುಖದ ಸಾಲಿಗೆ ತಗುಲಿ ಮೇಲೇರುತ್ತದೆ. ಮೂರು ಗಂಟೆಯ ಹೊತ್ತಿಗೆ ಬೆಳ್ತಂಗಡಿಯ ಮೂಡಲಲ್ಲಿ, ಚಾರ್ಮಾಡಿ ಘಾಟಿಯ ನೆತ್ತಿಯ ಮೇಲೆ, ಮೋಡ ಕಪ್ಪುಗಟ್ಟಲು ಇಷ್ಟು ಸಾಕು. ಮೇಲ್ಮಟ್ಟದ ಮೂಡಗಾಳಿ ಬೀಸಿದರೆ ಆ ಮೋಡ ಸಂಜೆಗೆ ಪಡುವಣಕ್ಕೆ ಜಾರಿ ಮೂಡಬಿದಿರೆ, ಬಂಟ್ವಾಳಗಳಿಗೂ ಸುರಿಯುತ್ತದೆ. ಬೀಸದಿದ್ದರೆ ಘಟ್ಟದಲ್ಲೇ ಖಾಲಿಯಾಗುತ್ತದೆ.

ಮಳೆಯಿಲ್ಲದ ಗುಡುಗಿನ ಗುಟ್ಟು ಇಲ್ಲಿದೆ. ಅಮೆರಿಕದ ಪಶ್ಚಿಮದಂಥ ಎತ್ತರದ ಮರುಭೂಮಿಯಲ್ಲಿ ಮೋಡದ ತಳ ಬಹಳ ಮೇಲಿರುತ್ತದೆ. ಹನಿಗಳು ಕೆಳಗಿನ ಒಣಗಾಳಿಯಲ್ಲಿ ದಾರಿಯಲ್ಲೇ ಆವಿಯಾಗುತ್ತವೆ, ಸಿಡಿಲು ಮಾತ್ರ ನೆಲ ಮುಟ್ಟಿ ಕಾಡಿಗೆ ಬೆಂಕಿ ಹಚ್ಚುತ್ತದೆ. ತುಳುನಾಡಿನ ಗಾಳಿ ಅಷ್ಟು ಒಣಗಿದ್ದಲ್ಲ. ಇಲ್ಲಿನ ಒಣ ಗುಡುಗು ಹೆಚ್ಚಾಗಿ ದೂರದ ಗುಡುಗು. ಶಬ್ದ ಹದಿನೈದಿಪ್ಪತ್ತು ಕಿಲೋಮೀಟರ್ ಕೇಳಿಸುತ್ತದೆ, ರಾತ್ರಿ ಮಿಂಚು ಅದಕ್ಕಿಂತ ಎಷ್ಟೋ ದೂರ ಕಾಣಿಸುತ್ತದೆ. ಹಾಗಾಗಿ ಬೆಳ್ತಂಗಡಿ ತೊಯ್ದ ರಾತ್ರಿ ಬಂಟ್ವಾಳಕ್ಕೆ ಬರಿಯ ಬೆಳಕು ದಕ್ಕುವುದುಂಟು. ಅಪಾಯ ಇರುವುದೂ ಈ ಅಂಚಿನಲ್ಲೇ: ಮಳೆ ಬೀಳುವ ಜಾಗದಿಂದ ಕೆಲವು ಕಿಲೋಮೀಟರ್ ಆಚೆಗೂ ಸಿಡಿಲು ಬಡಿಯಬಲ್ಲುದು.

ತುಳುವರ ಸೌರ ಪಂಚಾಂಗ ಈ ಗುಡುಗಿನ ಜೊತೆ ಹೆಜ್ಜೆ ಹಾಕುತ್ತ ಬಂದಿದೆ. ಏಪ್ರಿಲ್ ನಡುವಿನ ಬಿಸುವಿನೊಂದಿಗೆ ಪಗ್ಗು ತಿಂಗಳು ಹುಟ್ಟುತ್ತದೆ. ಅದರ ಹದಿನೆಂಟನೆಯ ದಿನ, ಪಗ್ಗು ಪದಿನೆಣ್ಮ, ಬಿತ್ತ ಹಾಕಲು ಹೇಳಿ ಮಾಡಿಸಿದ ದಿನ ಎನ್ನಿಸಿಕೊಂಡಿತ್ತು. ಅಷ್ಟರೊಳಗೆ ಒಂದೆರಡು ಗುಡುಗು ಮಳೆ ಬಂದು ಮಣ್ಣು ಸಡಿಲಾಗಿರಬೇಕೆಂಬುದು ಲೆಕ್ಕ. ಮುಂದಿನ ತಿಂಗಳು ಬೇಸ; ಅದರ ಹತ್ತನೆಯ ದಿನ, ಮೇ 24ರ ಆಸುಪಾಸು, ಪತ್ತನಾಜೆ. ಆ ದಿನ ಹತ್ತು ಹನಿಯಾದರೂ ಮಳೆ ಬೀಳಬೇಕೆಂಬುದು ತುಳುವರ ಮಾತು. ದೈವಗಳ ನೇಮ ಕೋಲಗಳು ನಿಲ್ಲುತ್ತವೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಧರ್ಮಸ್ಥಳದಲ್ಲಿ ಆ ವರ್ಷದ ಉತ್ಸವಗಳಿಗೆ ತೆರೆ ಬೀಳುತ್ತದೆ. ಬಯಲಲ್ಲಿ ರಾತ್ರಿಯಿಡೀ ಆಡುವ ಕಲೆಗೆ ಬಯಲೇ ರಂಗಸ್ಥಳವಾಗಿದ್ದ ಕಾಲದಲ್ಲಿ ಇದು ಆಚಾರದಷ್ಟೇ ಹವಾಮಾನದ ಲೆಕ್ಕಾಚಾರವೂ ಆಗಿತ್ತು.

ಪತ್ತನಾಜೆಯೊಳಗೆ ಮುಗಿಯಬೇಕಾದ ಕೆಲಸಗಳ ಪಟ್ಟಿ ಉದ್ದವಿತ್ತು. ಪದವಿನಿಂದ ಮುಳಿಹುಲ್ಲು ಕೊಯ್ದು ತಂದು ಮಾಡು ಹೊಚ್ಚಬೇಕು, ಸೌದೆ ಒಡೆದು ಕೊಟ್ಟಿಗೆಗೆ ಸೇರಿಸಬೇಕು, ಹಲಸಿನ ಹಪ್ಪಳ ಒಣಗಬೇಕು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೂ ಬಡವರ ಮಾಡಿನಲ್ಲಿ ಬಹುಕಾಲ ಹುಲ್ಲೇ ಇತ್ತು. ಒಣಗಿದ ಮುಳಿಮಾಡಿಗೆ ಸಿಡಿಲಿನ ಕಿಡಿ ತಾಗಿದರೆ ಉಳಿಯುವುದು ಮಣ್ಣಿನ ಗೋಡೆ ಮಾತ್ರ.

ಎಲ್ಲಕ್ಕಿಂತ ಹೆಚ್ಚಿನ ಆತಂಕ ಅಂಗಳದ ಅಡಿಕೆಯದು. ಚಾಲಿ, ಅಂದರೆ ಒಣ ಅಡಿಕೆ, ಆಗಬೇಕಾದರೆ ಹಣ್ಣಡಿಕೆ ಸುಮಾರು 40 ದಿನ ಬಿಸಿಲಲ್ಲಿ ಒಣಗಬೇಕು; ನಡುವೆ ಒಮ್ಮೆ ನೆನೆದರೂ ಬಣ್ಣ ಕೆಟ್ಟು, ಬೂಸು ಹಿಡಿದು, ದರ ಕುಸಿಯುತ್ತದೆ. ಮಧ್ಯಾಹ್ನದ ಊಟದ ನಡುವೆ ಮೂಡಲಲ್ಲಿ ಒಂದು ಗುಡುಗು ಕೇಳಿದರೆ ಸಾಕು, ಎಂಜಲು ಕೈಯಲ್ಲೇ ಮನೆಮಂದಿ ಅಂಗಳಕ್ಕಿಳಿಯುತ್ತಾರೆ. ಒಬ್ಬರು ರಾಶಿ ಎಳೆದರೆ ಇನ್ನೊಬ್ಬರು ಗೋಣಿಗೆ ತುಂಬುತ್ತಾರೆ, ಮಕ್ಕಳು ಉರುಳಿ ಹೋದದ್ದನ್ನು ಹೆಕ್ಕುತ್ತಾರೆ. ಅರ್ಧ ಗಂಟೆಯ ಬಳಿಕ ಮೋಡ ಚದುರಿ ಬಿಸಿಲು ಕಂಡರೆ ಅಷ್ಟನ್ನೂ ಮತ್ತೆ ಹರವಬೇಕು. ಪ್ಲಾಸ್ಟಿಕ್ ಹಾಳೆ ಹೊದಿಸಿದ ಸೋಲಾರ್ ಗೂಡುಗಳು ಬಂದ ಮೇಲೆ ಈ ಓಟ ಕಡಿಮೆಯಾಗಿದೆ.

ಸಿಡಿಲಿಗೆ ಹೆದರಿ ಅರ್ಜುನನ ಹತ್ತು ಹೆಸರು ಹೇಳುವುದು, ಕಬ್ಬಿಣದ ಕತ್ತಿಯನ್ನು ಅಂಗಳಕ್ಕೆ ಎಸೆಯುವುದು ಹಿಂದಿನವರ ಉಪಾಯಗಳು. ಲೋಹದಲ್ಲಿ ಸಿಡಿಲು ಸುಲಭವಾಗಿ ಹರಿಯುತ್ತದೆ ಎಂಬುದೇನೋ ನಿಜ. ಆದರೆ ನೆಲದ ಮೇಲೆ ಬಿದ್ದ ಕತ್ತಿ ಯಾರನ್ನೂ ಕಾಯದು. ಎತ್ತರದ ತೆಂಗು ಸಿಡಿಲಿಗೆ ಮೊದಲ ಗುರಿ. ಬಡಿದ ಮರದ ಸುಳಿ ಕೂಡಲೇ ಸುಟ್ಟರೆ, ಸುತ್ತಲಿನ ಕಂಗುಗಳು ಕೆಲವು ವಾರಗಳ ಮೇಲೆ ಒಂದೊಂದಾಗಿ ಒಣಗುತ್ತವೆ. ಈಗ ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’, ಪುಣೆಯ ಹವಾಮಾನ ಸಂಸ್ಥೆಯ ‘ದಾಮಿನಿ’ ಎಂಬ ಆ್ಯಪ್‌ಗಳು ಮೊಬೈಲಿಗೆ ಮುನ್ಸೂಚನೆ ಕಳಿಸುತ್ತವೆ.

ಗುಡುಗಿಗಾಗಿ ಕಾಯುವವರೂ ಇದ್ದಾರೆ. ಮೊದಲ ಮಳೆಗಳ ಬೆನ್ನಿಗೆ ಕಾಡಂಚಿನ ಮಣ್ಣಿನಡಿ ಗೋಲಿಯಾಕಾರದ ಕಲ್ಲಣಬೆ ಮೂಡುತ್ತದೆ, ತುಳುವಿನಲ್ಲಿ ಕಲ್ಲಲಾಂಬು. ಗುಡುಗಿದರೇ ಅದು ಹುಟ್ಟುವುದು ಎಂಬುದು ನಂಬಿಕೆ. ಕೋಲಿನಲ್ಲಿ ಮಣ್ಣು ಕೆದಕಿ ಹೆಕ್ಕಿ, ಕೆಸರು ಹೋಗುವ ತನಕ ತೊಳೆದು, ಒಂದನ್ನು ಸೀಳಿ ನೋಡುತ್ತಾರೆ. ಒಳಗು ಬೆಳ್ಳಗಿದ್ದರೆ ಗಸಿಗೆ, ಕಪ್ಪಾಗಿದ್ದರೆ ಬಿಸಾಡುವುದಕ್ಕೆ. ಪೇಟೆಯಲ್ಲಿ ಇದರ ಕ್ರಯ ಮಾಂಸವನ್ನು ಮೀರಿಸುವುದುಂಟು.

ಗುಡುಗು ಕೈಕೊಟ್ಟ ವರ್ಷಕ್ಕೆಂದೇ ಊರಿನವರು ನೀರಿನ ವ್ಯವಸ್ಥೆ ಮಾಡಿಕೊಂಡಿದ್ದರು. ಗದ್ದೆಗಳಲ್ಲಿ ತಗ್ಗಿನ ಬೈಲು, ನಡುವಿನ ಮಜಲು, ಎತ್ತರದ ಬೆಟ್ಟು ಎಂದು ಮೂರು ಬಗೆ. ಏಣೆಲು, ಸುಗ್ಗಿಗಳಾದ ಮೇಲೆ ಕೊಳಕೆ ಎಂಬ ಮೂರನೆಯ ಬೆಳೆ ಬೈಲಿಗೆ ಮಾತ್ರ ದಕ್ಕುತ್ತಿತ್ತು, ಅದೂ ಕಟ್ಟದ ಬಲದಿಂದ. ಮಳೆ ನಿಂತ ಮೇಲೆ ಊರವರು ಸೇರಿ ತೋಡಿಗಡ್ಡವಾಗಿ ಕಲ್ಲು, ಮಣ್ಣು, ಸೊಪ್ಪಿನಿಂದ ಕಟ್ಟುತ್ತಿದ್ದ ಈ ಒಡ್ಡು ಜೂನಿನ ನೆರೆಗೆ ಕೊಚ್ಚಿಹೋಗುವುದಕ್ಕೆಂದೇ ಇದ್ದದ್ದು. ನೀರಿಗಾಗಿ ಗುಡ್ಡದ ಬದಿಗೆ ಅಡ್ಡಲಾಗಿ ಕೊರೆದ ಸುರಂಗಗಳಿಗೆ ಬಂಟ್ವಾಳ ತಾಲೂಕಿನ ಮಾಣಿಲ ಹೆಸರಾಗಿದೆ. ಅಡ್ಯನಡ್ಕದ ಬಳಿಯ ಅಮೈ ಮಹಾಲಿಂಗ ನಾಯ್ಕರು ಬೋಳು ಗುಡ್ಡದಲ್ಲಿ ಕೂಲಿ ಕೆಲಸದ ಬಿಡುವಿನಲ್ಲಿ ಒಬ್ಬರೇ ಸುರಂಗ ಕೊರೆದು, ಹಲವು ಸಲ ಸೋತು, ಕೊನೆಗೆ ನೀರು ಕಂಡು ಅಡಿಕೆ ತೋಟ ಎಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಪಂಪ್‌ಸೆಟ್, ಕೊಳವೆಬಾವಿಗಳು ಬಂದು ಬೈಲುಗಳು ಅಡಿಕೆ ತೋಟಗಳಾದಂತೆ ಕಟ್ಟ ಕಟ್ಟುವ ಕೈಗಳು ಕಡಿಮೆಯಾದವು. ನೆಲದಡಿಯ ನೀರನ್ನು ನೆಚ್ಚಿ ತೋಡಿನ ನೀರನ್ನು ಬಿಟ್ಟುಕೊಟ್ಟದ್ದು ಲಾಭದ ವ್ಯಾಪಾರವಾಗಲಿಲ್ಲ. ಮಂಗಳೂರಿಗೆ ನೀರುಣಿಸುವ ಬಂಟ್ವಾಳ ತಾಲೂಕಿನ ತುಂಬೆ ಅಣೆಕಟ್ಟಿನಲ್ಲಿ 2016ರಲ್ಲೂ 2019ರಲ್ಲೂ ನೀರಿನ ಮಟ್ಟ ತೀರಾ ಕುಸಿಯಿತು. ನಗರಕ್ಕೆ ಸರದಿಯ ಮೇಲೆ ನೀರು ಬಿಡಬೇಕಾಯಿತು. 2019ರ ಮೇ ತಿಂಗಳಲ್ಲಿ ನೇತ್ರಾವತಿ ನದಿ ಬತ್ತಿದಾಗ, ಭಕ್ತರು ಕೆಲವು ದಿನ ಯಾತ್ರೆ ಮುಂದೂಡಬೇಕೆಂದು ಧರ್ಮಸ್ಥಳದ ಧರ್ಮಾಧಿಕಾರಿ ವೀರೇಂದ್ರ ಹೆಗ್ಗಡೆಯವರು ವಿನಂತಿಸಿಕೊಂಡರು. ಅದೇ ವರ್ಷದ ಆಗಸ್ಟ್‌ನಲ್ಲಿ ಚಾರ್ಮಾಡಿಯ ಗುಡ್ಡಗಳು ಕುಸಿದು ಬೆಳ್ತಂಗಡಿಯ ಹಳ್ಳಿಗಳು ನೆರೆಯಲ್ಲಿ ಮುಳುಗಿದವು.